ರಿಪೋರ್ಟಿನ ಕೊನೆಯ ಸಾಲು

ಉಳ್ಳಾರ್ತಿ ಕಾವಲ್‌ನಲ್ಲಿರುವ ನನ್ನ ಖಾಲಾಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದಾಗ ಬಯಾಪ್ಸಿ ರಿಪೋರ್ಟ್ ಓದುವ ಕೆಲಸ ನನ್ನ ಪಾಲಿಗೆ ಬಂತು. ಮನೆಯಲ್ಲಿ ವಿಜ್ಞಾನ ಓದುತ್ತಿರುವವಳು ನಾನೊಬ್ಬಳೇ. ಕೊನೆಯ ಸಾಲಿನಲ್ಲಿ ‘ಇ-ಕ್ಯಾಡ್ಹೆರಿನ್: ನೆಗೆಟಿವ್’ ಎಂದಿತ್ತು. ನೆಗೆಟಿವ್ ಅಂದರೆ ಒಳ್ಳೆಯದು ಎಂದುಕೊಂಡು ಅಮ್ಮಿ ‘ಅಲ್‌ಹಮ್ದುಲಿಲ್ಲಾಹ್’ ಎಂದರು. ನನಗೂ ಹಾಗೇ ಅನ್ನಿಸಿತ್ತು. ಅದು ತಪ್ಪು.

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಕ್ಯಾನ್ಸರ್ ಬಗ್ಗೆ ಓದುವಾಗ ಸಂಪರ್ಕ ಪ್ರತಿಬಂಧ ಎಂಬ ಮಾತು ಬರುತ್ತದೆ. ಸಾಮಾನ್ಯ ಜೀವಕೋಶಗಳು ಪಕ್ಕದ ಕೋಶ ತಾಗಿದರೆ ಬೆಳವಣಿಗೆ ನಿಲ್ಲಿಸುತ್ತವೆ. ಕ್ಯಾನ್ಸರ್ ಕೋಶಗಳು ಈ ಗುಣ ಕಳೆದುಕೊಂಡಿರುತ್ತವೆ. ಈದ್ ನಮಾಜಿಗೆ ಸಫ್ ಕಟ್ಟುವುದನ್ನು ನೆನೆಸಿಕೊಳ್ಳಿ. ನಡುವೆ ಜಾಗ ಇರುವವರೆಗೆ ಜನ ಸರಿಯುತ್ತಾರೆ, ಭುಜಕ್ಕೆ ಭುಜ ತಾಗಿದ ಮೇಲೆ ನಿಲ್ಲುತ್ತಾರೆ. ತರಚಿದ ಗಾಯ ಮುಚ್ಚಿಕೊಳ್ಳುವುದೂ ಹೀಗೆಯೇ. ಆದರೆ ಪಕ್ಕದವರು ತಾಗಿದ್ದು ಕೋಶಕ್ಕೆ ತಿಳಿಯುವುದು ಹೇಗೆ? ಪರೀಕ್ಷೆಗೆ ಅಷ್ಟೆಲ್ಲ ಬೇಡ. ನನಗೆ ಬೇಕಿತ್ತು.

ಇ-ಕ್ಯಾಡ್ಹೆರಿನ್ ಕೋಶಪೊರೆಯಲ್ಲಿ ನೆಟ್ಟಿರುವ ಪ್ರೋಟೀನ್. ಅದರ ಹೊರತುದಿ ಕ್ಯಾಲ್ಸಿಯಂ ಅಯಾನುಗಳ ನೆರವಿನಿಂದ ಪಕ್ಕದ ಕೋಶದ ಇ-ಕ್ಯಾಡ್ಹೆರಿನನ್ನು ಹಿಡಿದುಕೊಳ್ಳುತ್ತದೆ. ಒಳತುದಿಗೆ ಬೀಟಾ-ಕೆಟೆನಿನ್ ಎಂಬ ಇನ್ನೊಂದು ಪ್ರೋಟೀನ್ ಅಂಟಿಕೊಂಡು, ಆಲ್ಫಾ-ಕೆಟೆನಿನ್ ಮೂಲಕ ಅದನ್ನು ಆಕ್ಟಿನ್ ಎಳೆಗಳಿಗೆ ಕಟ್ಟುತ್ತದೆ. ಬೀಟಾ-ಕೆಟೆನಿನ್‌ಗೆ ಇನ್ನೊಂದು ಕೆಲಸವೂ ಇದೆ. ಅದು ಕೋಶಕೇಂದ್ರವನ್ನು ಹೊಕ್ಕರೆ ಸೈಕ್ಲಿನ್ ಡಿ1ನಂಥ, ವಿಭಜನೆಗೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಪೊರೆಯ ಬಳಿ ಕಟ್ಟಿಹಾಕಿರುವವರೆಗೆ ಅಲ್ಲಿಗೆ ಹೋಗುವಂತಿಲ್ಲ. ಬಿಡಿಯಾಗಿ ತೇಲುವ ಬೀಟಾ-ಕೆಟೆನಿನನ್ನು ಎಪಿಸಿ ಮೊದಲಾದ ಪ್ರೋಟೀನ್‌ಗಳ ಕೂಟ ಹಿಡಿದು ನಾಶಕ್ಕೆ ಕಳಿಸುತ್ತದೆ. ದೊಡ್ಡ ಕರುಳಿನ ಬಹುಪಾಲು ಕ್ಯಾನ್ಸರ್‌ಗಳಲ್ಲಿ ಕೆಟ್ಟಿರುವುದು ಈ ಎಪಿಸಿ ಜೀನೇ.

ಖಾಲಾಗೆ ಆಗಿರುವುದೂ ಇದೇ, ಹಿಡಿತ ತಪ್ಪಿದ ಬೀಟಾ-ಕೆಟೆನಿನ್ ಕೋಶಕೇಂದ್ರಕ್ಕೆ ಹೋಗಿದೆ ಎಂದು ಬರೆದು ಜೀವಶಾಸ್ತ್ರದ ಮೇಡಂಗೆ ತೋರಿಸಿದೆ. ಅವರು ಅದರ ಮೇಲೆ ಕೆಂಪು ಗೆರೆ ಎಳೆದರು. ಇ-ಕ್ಯಾಡ್ಹೆರಿನ್ ಇಲ್ಲದ ಸ್ತನ ಕ್ಯಾನ್ಸರ್ ಸಾಮಾನ್ಯವಾಗಿ ಲೋಬ್ಯುಲರ್ ಎಂಬ ಬಗೆಯದು. ಅದರಲ್ಲಿ ನಾಶಮಾಡುವ ಕೂಟ ಸರಿಯಾಗಿಯೇ ಇರುತ್ತದೆ, ಬಿಡಿ ಬೀಟಾ-ಕೆಟೆನಿನ್ ಉಳಿಯುವುದಿಲ್ಲ. ಉಳಿಯುವುದು ಪಿ120 ಎಂಬ ಅದರ ನೆಂಟ. ಪೊರೆಯ ಬಳಿ ಇರಬೇಕಾದ ಅದು ಕೋಶದೊಳಗೆ ತೇಲುತ್ತಾ, ನೆಲೆ ತಪ್ಪಿದ ಕೋಶ ಬದುಕಲು ನೆರವಾಗುತ್ತದೆ.

ನೆಲೆ ಎಂದೆನಲ್ಲ, ಕೋಶ ಪಕ್ಕದವರನ್ನಷ್ಟೇ ಅಲ್ಲ, ಕೆಳಗಿನ ಹಾಸನ್ನೂ ಇಂಟೆಗ್ರಿನ್ ಪ್ರೋಟೀನ್‌ಗಳಿಂದ ಹಿಡಿದಿರುತ್ತದೆ. ಆ ಹಿಡಿತದಿಂದಲೇ ಬದುಕುವ ಸಂಕೇತ ಒಳಗೆ ಹೋಗುತ್ತದೆ. ಹಿಡಿತ ಬಿಟ್ಟ ಸಾಮಾನ್ಯ ಕೋಶ ತಾನಾಗಿ ಸಾಯುತ್ತದೆ; 1994ರಲ್ಲಿ ಇದಕ್ಕೆ ಅನೋಯ್ಕಿಸ್ ಎಂದು ಹೆಸರಿಟ್ಟರು, ಗ್ರೀಕ್‌ನಲ್ಲಿ ಮನೆ ಇಲ್ಲದಿರುವುದು ಎಂದರ್ಥ. ಕ್ಯಾನ್ಸರ್ ಕೋಶ ಸಾಯದೆ ರಕ್ತದಲ್ಲಿ ಸಾಗುತ್ತದೆ. ನಮ್ಮ ತಾಲ್ಲೂಕಿನ ಕುದಾಪುರದಲ್ಲಿ ಎರಡನೇ ಕ್ಯಾಂಪಸ್ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅನ್ನಪೂರ್ಣಿ ರಂಗರಾಜನ್ ಅವರ ತಂಡ ಇದನ್ನೇ ಅಧ್ಯಯನ ಮಾಡಿದೆ. ಹೀಗೆ ನೆಲೆ ತಪ್ಪಿದ ಸ್ತನದ ಕೋಶಗಳಲ್ಲಿ ಶಕ್ತಿಯ ಕೊರತೆಯನ್ನು ಗುರುತಿಸುವ ಎಎಂಪಿಕೆ ಎಂಬ ಕಿಣ್ವ ಚುರುಕಾಗಿ ಅವನ್ನು ಬದುಕಿಸುತ್ತದೆ ಎಂದು ತೋರಿಸಿದೆ.

ಒಂದನ್ನೊಂದು ಹಿಡಿಯದ ಲೋಬ್ಯುಲರ್ ಕೋಶಗಳು ಗಡ್ಡೆ ಕಟ್ಟುವುದು ಕಡಿಮೆ. ಇರುವೆಗಳ ಹಾಗೆ ಒಂದರ ಹಿಂದೊಂದು ಸಾಲಾಗಿ ಅಂಗಾಂಶದೊಳಗೆ ನುಸುಳುತ್ತವೆ. ಖಾಲಾಗೆ ಗಂಟು ಕೈಗೆ ಸಿಕ್ಕಿರಲೇ ಇಲ್ಲ. ಒಂದು ಕಡೆ ದಪ್ಪಗಾದಂತಿತ್ತು, ಅಷ್ಟೇ. ಗಂಟಿಲ್ಲವಲ್ಲ ಎಂದು ಅವರು ಐದು ತಿಂಗಳು ಯಾರಿಗೂ ಹೇಳದೆ ಸುಮ್ಮನಿದ್ದರು.