ಮರದ ನೆಲಕ್ಕೆ ಟೈಲ್ಸ್: ಮೊದಲು ಅಲುಗಾಟ ನಿಲ್ಲಿಸಿ

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಹಳೆಯ ಮನೆ ಕೊಂಡಿದ್ದೇವೆ. ಮಹಡಿಯ ಬಚ್ಚಲುಮನೆಯ ನೆಲ ಪ್ಲೈವುಡ್‌ನದು. ಅದರ ಮೇಲೆ ನೇರವಾಗಿ ಸೆರಾಮಿಕ್ ಟೈಲ್ಸ್ ಹಾಕಿಸಬಹುದೇ?

ಉತ್ತರ: ನೇರವಾಗಿ ಬೇಡ. ಪ್ಲೈವುಡ್ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ, ನಡೆದಾಗ ಬಾಗುತ್ತದೆ. ಟೈಲ್ಸ್ ಇದನ್ನು ತಾಳುವುದಿಲ್ಲ. ಮೊದಲು ಗ್ರೌಟ್ ಬಿರಿಯುತ್ತದೆ, ಆಮೇಲೆ ಟೈಲ್ಸೇ ಎದ್ದು ಬರುತ್ತದೆ.

ನೆಲದ ಮೇಲೆ ಓಡಾಡಿ ನೋಡಿ. ಕಿರುಗುಟ್ಟುವ ಕಡೆ ಪ್ಲೈವುಡ್ಡನ್ನು ಕೆಳಗಿನ ತೊಲೆಗಳಿಗೆ ಸ್ಕ್ರೂ ಹಾಕಿ ಬಿಗಿ ಮಾಡಿಸಿ. ನೀರು ಕುಡಿದು ಮೆತ್ತಗಾದ, ಪದರ ಬಿಟ್ಟ ಭಾಗವನ್ನು ಕತ್ತರಿಸಿ ಹೊಸದು ಕೂರಿಸಿ. ತೊಲೆಗಳ ಅಂತರ 16 ಇಂಚಿದ್ದರೆ ಮುಕ್ಕಾಲು ಇಂಚಿನ ಪ್ಲೈವುಡ್ ಸಾಕು. ಭಾರ ಬಿದ್ದಾಗ ತೊಲೆಯ ಬಾಗು ಅದರ ಉದ್ದದ 360ನೇ ಒಂದು ಭಾಗವನ್ನು ಮೀರಬಾರದು. ಅನುಮಾನವಿದ್ದರೆ ತಿಳಿದವರಿಂದ ಪರೀಕ್ಷೆ ಮಾಡಿಸಿ.

ನಂತರ ಕಾಲು ಇಂಚಿನ ಸಿಮೆಂಟ್ ಬೋರ್ಡ್. ಅದರಡಿ ಹಲ್ಲಿನ ಕರಣೆಯಿಂದ ಥಿನ್‌ಸೆಟ್ ಗಾರೆ ಬಳಿದು, 8 ಇಂಚಿಗೊಂದು ಸ್ಕ್ರೂ ಹಾಕಿಸಿ. ಬೋರ್ಡಿನ ಸಂದು ಪ್ಲೈವುಡ್ಡಿನ ಸಂದಿನ ಮೇಲೆ ಬರಬಾರದು. ಬೋರ್ಡುಗಳ ನಡುವೆ 1/8 ಇಂಚು, ಗೋಡೆಯ ಬಳಿ ಕಾಲು ಇಂಚು ಬಿಡಿ. ಸಂದಿಗೆ ಜಾಲರಿ ಟೇಪ್ ಅಂಟಿಸಿ ಗಾರೆ ಎಳೆಯಿರಿ. ಬಚ್ಚಲಾದ್ದರಿಂದ ಜಲನಿರೋಧಕ ಲೇಪನವೂ ಬೇಕು.

ಸಿಮೆಂಟ್ ಬೋರ್ಡ್ ಅಲುಗಾಡುವ ನೆಲವನ್ನು ಗಟ್ಟಿಮಾಡುವುದಿಲ್ಲ. ಆ ಕೆಲಸ ತೊಲೆ, ಪ್ಲೈವುಡ್ ಹಂತದಲ್ಲೇ ಮುಗಿಯಲಿ.