ಕಡಿಮೆ ಖರ್ಚಿನಲ್ಲಿ ಅಂಗಳದ ಅಂದ

ರೈತನ ಮನೆಗೆ ಅಂಗಳವೇ ಹೊರಗಿನ ಕೋಣೆ. ಬಂದ ನೆಂಟರನ್ನು ಕೂರಿಸುವುದು, ಸಂಜೆ ಹೊತ್ತು ದಣಿವಾರಿಸಿಕೊಳ್ಳುವುದು, ಮಕ್ಕಳು ಆಡುವುದು, ಅಡಿಕೆ ಒಣಗಿಸುವುದು, ಭತ್ತ ಹರವುವುದು, ತುಳಸಿಗೆ ದೀಪ ಹಚ್ಚುವುದು ಎಲ್ಲವೂ ಅಲ್ಲಿಯೇ. ತುಂಗೆಯ ದಡದ ಶಿವಮೊಗ್ಗ, ಭದ್ರೆಯ ದಡದ ಭದ್ರಾವತಿ ಹಾಗೂ ಇವುಗಳ ಸುತ್ತಲಿನ ಹಳ್ಳಿಗಳಲ್ಲಿ ಅಂಗಳವಿಲ್ಲದ ಬೇಸಾಯದ ಮನೆಯನ್ನು ಊಹಿಸುವುದೇ ಕಷ್ಟ.

ಅಂಗಳ ಅಂದವಾಗಿರಬೇಕೆಂಬ ಆಸೆ ಸಹಜವಾದುದು. ಆದರೆ ಅದಕ್ಕಾಗಿ ಪೇಟೆಯಿಂದ ಪ್ಲಾಸ್ಟಿಕ್ ಹುಲ್ಲು, ಬಣ್ಣದ ಕುಂಡ, ಸಿಮೆಂಟಿನ ಗೊಂಬೆಗಳನ್ನು ತಂದು ಹಣ ಕಳೆಯುವುದು ಅವಶ್ಯವಿಲ್ಲ. ನಮ್ಮ ತೋಟ ಮತ್ತು ಹಿತ್ತಿಲಲ್ಲಿ ಉಳಿಯುವ ವಸ್ತುಗಳೇ ಸಾಕು. ಒಂದು ಮಾತನ್ನು ಮಾತ್ರ ಮರೆಯಬಾರದು: ಅಂಗಳದ ಕೆಲಸಕ್ಕೆ ಅಡ್ಡಿಯಾಗುವ ಅಲಂಕಾರ ಹೆಚ್ಚು ದಿನ ಉಳಿಯುವುದಿಲ್ಲ. ಮಳೆನೀರು ಹರಿಯಬೇಕು, ಅಡಿಕೆಗೆ ಬಿಸಿಲು ಬೀಳಬೇಕು, ಮನೆಯವರ ಆರೋಗ್ಯ ಕೆಡಬಾರದು. ಈ ಮೂರನ್ನು ಕಾಯ್ದುಕೊಂಡು ಮಾಡಬಹುದಾದ ಕೆಲವು ಕೆಲಸಗಳನ್ನು ಇಲ್ಲಿ ವಿವರಿಸಿದೆ.

ಮೊದಲು ನೀರಿನ ದಾರಿ

ಅಲಂಕಾರಕ್ಕೆ ಕೈಹಾಕುವ ಮುನ್ನ ಅಂಗಳದ ಇಳಿಜಾರನ್ನು ಸರಿಪಡಿಸಬೇಕು. ಮನೆಯ ಪಾಯದಿಂದ ಹೊರಕ್ಕೆ ಪ್ರತಿ 10 ಅಡಿಗೆ 2 ಅಂಗುಲ ಇಳಿಜಾರು ಕೊಟ್ಟರೆ ಸಾಕು. ಅಂಗಳ 20 ಅಡಿ ಅಗಲವಿದ್ದರೆ ಹೊರ ಅಂಚು 4 ಅಂಗುಲ ತಗ್ಗಿರಬೇಕು. ಇದನ್ನು ಅಳೆಯಲು ನೀರು ತುಂಬಿದ ಪಾರದರ್ಶಕ ಕೊಳವೆಯೊಂದು ಸಾಕು. ಕೊಳವೆಯ ಎರಡು ತುದಿಗಳನ್ನು ಎರಡು ಗೂಟಗಳಿಗೆ ಕಟ್ಟಿ, ನೀರು ನಿಂತ ಮಟ್ಟವನ್ನು ಗುರುತು ಮಾಡಿಕೊಳ್ಳಬೇಕು. ಆ ಗುರುತಿನಿಂದ ನೆಲಕ್ಕಿರುವ ಅಂತರವನ್ನು ಎರಡೂ ಕಡೆ ಅಳೆದರೆ ಇಳಿಜಾರು ಎಷ್ಟೆಂದು ತಿಳಿಯುತ್ತದೆ. ಹೊರ ಅಂಚಿನಲ್ಲಿ ಒಂದು ಬಸಿಗಾಲುವೆ ತೆಗೆದು ಆ ನೀರನ್ನು ಬಾಳೆ ಅಥವಾ ತೆಂಗಿನ ಬುಡದ ಕಡೆಗೆ ತಿರುಗಿಸಬಹುದು. ಇಡೀ ಅಂಗಳಕ್ಕೆ ಸಿಮೆಂಟು ಹಾಕಿ ಇಳಿಜಾರು ಮರೆತರೆ ಜೂನ್ ತಿಂಗಳಲ್ಲಿ ನೀರು ಪಾಯಕ್ಕೇ ನುಗ್ಗುತ್ತದೆ.

ಕಾಲುಹಾದಿ ಮತ್ತು ಅಂಚು

ಗೇಟಿನಿಂದ ಜಗುಲಿಯವರೆಗೆ 2 ಅಡಿ ಅಗಲದ ಹಾದಿ ಮಾಡಿದರೆ ಮಳೆಗಾಲದ ಕೆಸರು ಒಳಗೆ ಬರುವುದಿಲ್ಲ. ಮಣ್ಣನ್ನು 6 ಅಂಗುಲ ಅಗೆದು ತೆಗೆದು, 2 ಅಂಗುಲ ಮರಳು ಹರಡಿ, ಅದರ ಮೇಲೆ ಜಂಬಿಟ್ಟಿಗೆಯ ಚೂರು ಅಥವಾ ಚಪ್ಪಟೆ ಕಲ್ಲುಗಳನ್ನು ಕೂರಿಸಬೇಕು. ಸಂದುಗಳಿಗೆ ಮರಳನ್ನೇ ತುಂಬಬೇಕು. ಸಿಮೆಂಟು ಬೇಡ, ನೀರು ಸಂದಿನಲ್ಲಿ ಇಂಗುತ್ತದೆ, ಕಲ್ಲು ಕುಸಿದರೆ ಎತ್ತಿ ಕೂರಿಸಲೂ ಸುಲಭ.

ಹಳೆಯ ಮಾಡು ಬಿಚ್ಚಿದಾಗ ಉಳಿದ ಮಂಗಳೂರು ಹಂಚುಗಳು ಅಂಚು ಕಟ್ಟಲು ಬಹಳ ಚೆನ್ನ. ಹಂಚು ಸುಮಾರು 16 ಅಂಗುಲ ಉದ್ದವಿರುತ್ತದೆ. ಉದ್ದದ ಬದಿಯನ್ನು ಕೆಳಗೆ ಮಾಡಿ, ಅರ್ಧ ಮಣ್ಣಿನಲ್ಲಿ ಹೂತು ಸಾಲಾಗಿ ನಿಲ್ಲಿಸಬೇಕು. 20 ಅಡಿ ಹಾದಿಗೆ ಒಂದು ಬದಿಗೆ 15, ಎರಡು ಬದಿಗೆ 30 ಹಂಚು ಬೇಕಾಗುತ್ತವೆ. ಮೂಲೆ ಒಡೆದ ಹಂಚಾದರೂ ಸರಿ, ಒಡೆದ ಭಾಗ ಮಣ್ಣಿನೊಳಗೆ ಮರೆಯಾಗುತ್ತದೆ.

ದಬ್ಬೆಯ ಚಪ್ಪರ

ತೋಟದಲ್ಲಿ ಬಿದ್ದ ಅಥವಾ ಕಡಿದ ಹಳೆಯ ಅಡಿಕೆ ಮರವನ್ನು ಸೀಳಿ, ಒಳಗಿನ ತಿರುಳನ್ನು ಕೆತ್ತಿ ತೆಗೆದರೆ ಗಟ್ಟಿಯಾದ ದಬ್ಬೆ ಸಿಗುತ್ತದೆ. ಎಳೆಯ ಮರದ ದಬ್ಬೆ ಬೇಗ ಹುಳು ಹಿಡಿಯುವುದರಿಂದ ಬಲಿತ ಮರವನ್ನೇ ಆರಿಸಿಕೊಳ್ಳಬೇಕು. 8 ಅಡಿ ಉದ್ದ, 8 ಅಡಿ ಅಗಲ, 7 ಅಡಿ ಎತ್ತರದ ಚಪ್ಪರದ ಕೆಳಗೆ ನಾಲ್ಕೈದು ಮಂದಿ ಕುಳಿತು ಮಾತನಾಡಬಹುದು.

ಕಂಬವನ್ನು ನೇರವಾಗಿ ನೆಲದಲ್ಲಿ ಹೂಳಬಾರದು. ಮಣ್ಣಿಗೆ ತಾಗುವ ಕಡೆಯಲ್ಲೇ ಕೊಳೆತ ಮತ್ತು ಗೆದ್ದಲು ಮೊದಲು ಆರಂಭವಾಗುತ್ತವೆ. ನೆಲದಲ್ಲಿ ಭದ್ರವಾಗಿ ಕೂರಿಸಿದ ಜಂಬಿಟ್ಟಿಗೆ ಕಲ್ಲಿನಲ್ಲಿ ಗುಳಿ ಕೊರೆದು ಅದರಲ್ಲಿ ಕಂಬ ನಿಲ್ಲಿಸಿ, ಕಂಬದಿಂದ ಕಂಬಕ್ಕೆ ಓರೆಯಾಗಿ ದಬ್ಬೆ ಬಿಗಿದರೆ ಚಪ್ಪರ ಅಲುಗಾಡುವುದಿಲ್ಲ. ಗುಳಿಯಲ್ಲಿ ನೀರು ನಿಲ್ಲದಂತೆ ಸುತ್ತ ಗಾರೆ ಮೆತ್ತಬೇಕು. ಕಟ್ಟಲು ಕತ್ತದ ಹಗ್ಗ ಸಾಕು, ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಚಪ್ಪರದ ಜಾಗವನ್ನು ಯೋಚಿಸಿ ಗೊತ್ತುಮಾಡಬೇಕು. ಅಡಿಕೆ ಒಣಗಿಸುವ ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ ಕೊನೆಯಲ್ಲಿ ನಮ್ಮ ಭಾಗದಲ್ಲಿ 7 ಅಡಿ ಎತ್ತರದ ಚಪ್ಪರದ ನೆರಳು ನಡುಹಗಲಲ್ಲೂ ಉತ್ತರದ ಕಡೆಗೆ 5 ಅಡಿಗೂ ಹೆಚ್ಚು ದೂರ ಬೀಳುತ್ತದೆ. ಆದ್ದರಿಂದ ಅಡಿಕೆ ಹರವುವ ಜಾಗದ ಉತ್ತರಕ್ಕೆ ಚಪ್ಪರವಿರಬೇಕೇ ಹೊರತು ದಕ್ಷಿಣಕ್ಕಲ್ಲ. ಒಣಗುವಿಕೆ ನಿಧಾನವಾದರೆ ಅಡಿಕೆಗೆ ಬೂಷ್ಟು ಬರುತ್ತದೆ, ಮಂಡಿಯಲ್ಲಿ ದರ ಇಳಿಯುತ್ತದೆ. ಚಪ್ಪರದ ಅಂದಕ್ಕೆ ಆ ಬೆಲೆ ತೆರಬೇಕಾಗಿಲ್ಲ.

ಚಪ್ಪರಕ್ಕೆ ಬಸಳೆಯೇ ಮೊದಲ ಬಳ್ಳಿ. ಬಲಿತ ಬಳ್ಳಿಯ ತುಂಡು ನೆಟ್ಟರೆ ಚಿಗುರುತ್ತದೆ, ನೆರಳಿನ ಜೊತೆಗೆ ಸಾರಿಗೂ ಒದಗುತ್ತದೆ. ಒಂದು ಮೂಲೆಗೆ ಮಲ್ಲಿಗೆ, ಇನ್ನೊಂದಕ್ಕೆ ಸೋರೆ ಹಬ್ಬಿಸಬಹುದು.

ಹೂವಿನ ಬೇಲಿ

ದಾಸವಾಳದ ಬೇಲಿಗೆ ಖರ್ಚೇ ಇಲ್ಲ. ಪೆನ್ಸಿಲಿನಷ್ಟು ದಪ್ಪದ, 8ರಿಂದ 9 ಅಂಗುಲ ಉದ್ದದ ಬಲಿತ ಕಡ್ಡಿಗಳನ್ನು ಜೂನ್–ಜುಲೈ ತಿಂಗಳಲ್ಲಿ ಒಂದು ಅಡಿ ಅಂತರದಲ್ಲಿ ಊರಬೇಕು. ಮೂರನೆಯ ಒಂದು ಭಾಗ ಮಣ್ಣಿನಲ್ಲಿರಲಿ. 30 ಅಡಿ ಬೇಲಿಗೆ 40 ಕಡ್ಡಿ ಇಟ್ಟುಕೊಂಡರೆ ಸತ್ತವುಗಳ ಜಾಗ ತುಂಬಲು ಉಳಿಯುತ್ತದೆ. ಗಿಡ ಒಂದೂವರೆ ಅಡಿ ಬೆಳೆದಾಗ ತುದಿ ಚಿವುಟಿದರೆ ಪಕ್ಕದ ಕವಲು ಒಡೆದು ಬೇಲಿ ದಟ್ಟವಾಗುತ್ತದೆ.

ದನಕರು ಮತ್ತು ಸಣ್ಣ ಮಕ್ಕಳಿರುವ ಮನೆಯಲ್ಲಿ ಕಣಗಿಲೆ ಬೇಡ. ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ. ಲಂಟಾನವೂ ದನಗಳಿಗೆ ವಿಷಕಾರಿ.

ಕುಂಡಗಳು

ಉದುರಿದ ಅಗಲವಾದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆದುವಾದಾಗ ದೊನ್ನೆಯಂತೆ ಮಡಿಸಿ ಹೊಲಿದರೆ ಒಂದು ಹಂಗಾಮಿಗೆ ಬರುವ ಕುಂಡವಾಗುತ್ತದೆ. ಅದು ಹಾಳಾದ ಮೇಲೆ ಗೊಬ್ಬರದ ಗುಂಡಿಗೆ ಹೋಗುತ್ತದೆ. ಒಡೆದ ಹಂಡೆ, ತೂತಾದ ಕೊಡ, ತೆಂಗಿನ ಚಿಪ್ಪು ಇವನ್ನೂ ಬಳಸಬಹುದು. ಪ್ರತಿಯೊಂದಕ್ಕೂ ತಳದಲ್ಲಿ ತೂತು ಇರಲೇಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿ ತುಂಬಬೇಕು.

ಕೀಟನಾಶಕ, ಶಿಲೀಂಧ್ರನಾಶಕದ ಖಾಲಿ ಡಬ್ಬಗಳನ್ನು ಎಷ್ಟು ತೊಳೆದರೂ ಕುಂಡವಾಗಿಯಾಗಲಿ, ಹಕ್ಕಿಗೆ ನೀರಿಡಲಾಗಲಿ ಬಳಸಕೂಡದು.

ನೆಲ ಮತ್ತು ಗೋಡೆ

ಮಳೆ ನಿಂತ ಮೇಲೆ ಅಂಗಳ ಕೆತ್ತಿ, ಬಡಿದು, ಸೆಗಣಿ ಸಾರಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ನೆಲಕ್ಕೆ ಕಪ್ಪು ಬಣ್ಣ ಬರಲೆಂದು ಕೆಲವರು ಟಾರ್ಚಿನ ಹಳೆಯ ಶೆಲ್ಲು ಒಡೆದು ಅದರ ಪುಡಿ ಬೆರೆಸುವುದುಂಟು. ಅದರಲ್ಲಿ ಹಾನಿಕಾರಕ ಲೋಹದ ಅಂಶಗಳಿವೆ. ತಿನ್ನುವ ಪದಾರ್ಥ ಒಣಗಿಸುವ ನೆಲಕ್ಕೆ ಅದು ತಕ್ಕದ್ದಲ್ಲ. ತೆಂಗಿನ ಚಿಪ್ಪು ಸುಟ್ಟ ಇದ್ದಿಲನ್ನು ನುಣ್ಣಗೆ ಅರೆದು ಸೇರಿಸಿದರೆ ಅದೇ ಬಣ್ಣ ಬರುತ್ತದೆ.

ಅಂಗಳದ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಬಳಿದರೆ ಬೇರೆ ಬಣ್ಣ ಬೇಕಿಲ್ಲ. ಸುಟ್ಟ ಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಸಿಡಿದು ಕಣ್ಣಿಗೆ ಅಪಾಯವಾದೀತು. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯಬಹುದು. ಸಾಗರ, ಸೊರಬ ಕಡೆಯ ದೀವರ ಮಹಿಳೆಯರು ಬಿಳಿಗೆ ಅಕ್ಕಿ, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಹುರಿದು ಕಪ್ಪಾಗಿಸಿದ ಅಕ್ಕಿ, ಕುಂಚಕ್ಕೆ ಪುಂಡಿ ನಾರು ಬಳಸಿ ಹಸೆ ಚಿತ್ತಾರ ಬರೆಯುತ್ತಾ ಬಂದಿದ್ದಾರೆ. ಮಳೆ ಬಡಿಯದ ಜಗುಲಿಯ ಗೋಡೆ ಇದಕ್ಕೆ ತಕ್ಕ ಜಾಗ.

ಸಣ್ಣ ಅಂಗಳಗಳಿಗೆ

ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಹಾಗೂ ಅನಂತರ ಬಂದ ಕಾಗದದ ಕಾರ್ಖಾನೆಗಾಗಿ ಕಟ್ಟಿದ ವಸತಿಗೃಹಗಳಿವೆ. ಇಂತಹ ಮನೆಗಳಲ್ಲಿ ಮತ್ತು ಶಿವಮೊಗ್ಗ ನಗರದ ಬಡಾವಣೆಗಳಲ್ಲಿ ಮನೆಯ ಮುಂದೆ ಹತ್ತು ಅಡಿ ಜಾಗ ಸಿಕ್ಕರೆ ಹೆಚ್ಚು. ಅಲ್ಲಿ ನೆಲದ ಬದಲು ಗೋಡೆಯನ್ನು ಬಳಸಬೇಕು. 5 ಅಡಿ ಎತ್ತರದ ಮೂರು ಮೆಟ್ಟಿಲ ದಬ್ಬೆಯ ಏಣಿಯನ್ನು ಗೋಡೆಗೆ ಒರಗಿಸಿದರೆ ಹತ್ತು ಹನ್ನೆರಡು ಸಣ್ಣ ಕುಂಡ ಹಿಡಿಯುತ್ತವೆ. ದೊಡ್ಡಪತ್ರೆ, ಒಂದೆಲಗ, ಪುದೀನ, ತುಳಸಿ ನೋಡಲೂ ಚೆನ್ನ, ಅಡಿಗೆಗೂ ಮನೆಮದ್ದಿಗೂ ಬೇಕಾದುವು.

ಎಚ್ಚರಿಕೆಯ ಎರಡು ಮಾತು

1. ಕುಂಡದ ಕೆಳಗಿನ ತಟ್ಟೆ, ಅಲಂಕಾರಕ್ಕೆಂದು ಇಟ್ಟ ಹಳೆಯ ಟೈರು, ತೆಂಗಿನ ಚಿಪ್ಪು ಇವುಗಳಲ್ಲಿ ನಿಂತ ತಿಳಿನೀರಿನಲ್ಲಿ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಸಾಕು. ಆದ್ದರಿಂದ ವಾರಕ್ಕೊಂದು ದಿನ ಗೊತ್ತುಮಾಡಿ ಎಲ್ಲವನ್ನೂ ಬರಿದು ಮಾಡಿ ಉಜ್ಜಿ ತೊಳೆಯಬೇಕು. ಟೈರನ್ನು ಬಳಸದಿರುವುದೇ ಲೇಸು.

2. ಗಿಡದ ಬುಡಕ್ಕೆ ಹೊದಿಸಲು ಕಾಡಿನ ತರಗೆಲೆ ತರುವ ರೂಢಿಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡುಬಂದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಈ ಉಣುಗುಗಳು ತರಗೆಲೆಯೊಡನೆ ಮನೆಯಂಗಳಕ್ಕೇ ಬರಬಹುದು. ಡಿಸೆಂಬರಿನಿಂದ ಮೇ ವರೆಗೆ ಅಪಾಯ ಹೆಚ್ಚು. ಹೊದಿಕೆಗೆ ನಮ್ಮದೇ ತೋಟದ ಸೋಗೆ, ಅಡಿಕೆ ಸಿಪ್ಪೆ, ಭತ್ತದ ಹುಲ್ಲು ಬಳಸುವುದು ಕ್ಷೇಮ.

ವರ್ಷದ ಕೆಲಸ

ಏಪ್ರಿಲ್–ಮೇ: ಇಳಿಜಾರು, ಬಸಿಗಾಲುವೆ, ಕಾಲುಹಾದಿ.
ಜೂನ್–ಜುಲೈ: ಬೇಲಿಯ ಕಡ್ಡಿ, ಬಳ್ಳಿ ನೆಡುವುದು.
ಅಕ್ಟೋಬರ್: ಅಂಗಳ ಕೆತ್ತಿ ಸಾರಿಸುವುದು, ಸುಣ್ಣ, ಚಿತ್ತಾರ.
ನವೆಂಬರ್–ಜನವರಿ: ಕುಂಡಗಳನ್ನು ಬದಿಗೆ ಸರಿಸಿ ಅಡಿಕೆಗೆ ಜಾಗ ಬಿಡುವುದು.
ಫೆಬ್ರವರಿ–ಮಾರ್ಚ್: ಚಪ್ಪರದ ದುರಸ್ತಿ, ಹಗ್ಗ ಬದಲಾವಣೆ.

ಇಷ್ಟಕ್ಕೂ ಹಣ ಕೊಟ್ಟು ಕೊಳ್ಳಬೇಕಾದುದು ಸುಣ್ಣ, ಸ್ವಲ್ಪ ಮರಳು, ಒಂದಿಷ್ಟು ಸಿಮೆಂಟು, ಕತ್ತದ ಹಗ್ಗ ಮಾತ್ರ. ಉಳಿದುದು ಮನೆಯಲ್ಲಿಯೇ ಇದೆ. ಎಲ್ಲವನ್ನೂ ಒಂದೇ ವರ್ಷ ಮಾಡಬೇಕೆಂದೂ ಇಲ್ಲ. ಈ ಬೇಸಿಗೆಯಲ್ಲಿ ನೀರಿನ ದಾರಿಯೊಂದನ್ನು ಸರಿಮಾಡಿ, ಮಳೆ ಬಿದ್ದೊಡನೆ ಒಂದು ಸಾಲು ದಾಸವಾಳ ಊರಿದರೂ ಅಂಗಳದ ಲಕ್ಷಣ ಬದಲಾಗುತ್ತದೆ. ಗಿಡಗಳ ಆಯ್ಕೆ ಮತ್ತು ಪಾಲನೆಯ ಬಗ್ಗೆ ಸಲಹೆ ಬೇಕಾದವರು ಶಿವಮೊಗ್ಗದ ನವಿಲೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ ವಿಚಾರಿಸಬಹುದು.