ಹೆಬ್ಬಾತಿಗೆ ಎಷ್ಟು ಅಕ್ಷರ?

ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಚಳಿಗಾಲದಲ್ಲಿ ಶಿರಹಟ್ಟಿ, ಲಕ್ಷ್ಮೇಶ್ವರದ ಗೆಳೆಯರ ಫೋಟೊಗಳು ನನ್ನ ಕಂಪ್ಯೂಟರಿಗೆ ಬಂದು ಬೀಳುತ್ತವೆ. 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಕೆರೆ ಇದು. ಚಿತ್ರಗಳನ್ನು ಜೋಪಾನ ಮಾಡಲೇಬೇಕು. ಫೈಲುಗಳಿಗೆ ಅವರಿಡುವ ಹೆಸರು ‘ಹೆಬ್ಬಾತು ಶೇಂಗಾ ಹೊಲ’, ‘ಮಾಗಡಿ ಕೆರೆ ಬೆಳಗು’. ಲಿನಕ್ಸ್ ಟರ್ಮಿನಲ್ಲಿನಲ್ಲಿ ಇವನ್ನು ವಿಂಗಡಿಸುವುದು ನನ್ನ ಕೆಲಸ. ಇಂಗ್ಲಿಷಿನಲ್ಲಿ, ಜಾಗ ಬಿಡದೆ ಹೆಸರಿಡಿ ಎಂದು ಹೇಳುವವರು ಬಹಳ. ನಾನು ಒಪ್ಪುವುದಿಲ್ಲ.

ಹೆಸರಿನಲ್ಲಿ ಜಾಗವಿದ್ದರೆ ಬರುವ ತೊಡಕಿನ ಮೂಲ, ನಾವು ಟೈಪಿಸಿದ ಆದೇಶವನ್ನು ನಡೆಸುವ ಶೆಲ್ ಅದನ್ನು ಓದುವ ಕ್ರಮದಲ್ಲಿದೆ. ಆರ್‌ಎಂ (ಅಳಿಸುವ ಆದೇಶ), ಎಂವಿ (ಹೆಸರು ಬದಲಿಸುವ, ಸಾಗಿಸುವ ಆದೇಶ) ಕೆಲಸ ಶುರುಮಾಡುವ ಮೊದಲೇ ಶೆಲ್ ಇಡೀ ಸಾಲನ್ನು ಜಾಗ ಕಂಡಲ್ಲೆಲ್ಲ ತುಂಡರಿಸಿ, * ಗುರುತಿನ ಬದಲು ಹೊಂದುವ ಹೆಸರುಗಳನ್ನು ತುಂಬಿಬಿಡುತ್ತದೆ. ಹಾಗಾಗಿ ‘ಆರ್‌ಎಂ ಹೆಬ್ಬಾತು*’ ಎಂದರೆ ಹೆಬ್ಬಾತಿನ ಚಿತ್ರಗಳಷ್ಟೇ ಅಳಿಯುತ್ತವೆ; ನಕ್ಷತ್ರದ ಮುಂಚೆ ಒಂದು ಜಾಗ ನುಸುಳಿದರೆ ಫೋಲ್ಡರಿನ ಫೈಲುಗಳೆಲ್ಲ ಹೋಗುತ್ತವೆ. ಅಳಿಸುವ ಮೊದಲು ಅದೇ ಮಾದರಿಯನ್ನು ಹೆಸರುಗಳ ಪಟ್ಟಿ ತೋರಿಸುವ ಎಲ್‌ಎಸ್‌ಗೆ ಕೊಟ್ಟು ನೋಡುವುದು ನನಗೀಗ ರೂಢಿ.

ಉದ್ಧರಣ ಚಿಹ್ನೆಯೊಳಗೆ ಜಾಗ ಜಾಗವಾಗಿಯೇ ಉಳಿಯುತ್ತದೆ. ಆದರೆ ಅಲ್ಲಿ ನಕ್ಷತ್ರವೂ ಬರಿಯ ನಕ್ಷತ್ರ. ಅದಕ್ಕೇ "ಮಾಗಡಿ ಕೆರೆ "* ಎಂದು ನಕ್ಷತ್ರವನ್ನು ಹೊರಗಿಡಬೇಕು. ನಕ್ಷತ್ರ ಹುಡುಕಿ ತಂದ ಹೆಸರು ಮತ್ತೆ ತುಂಡಾಗುವುದಿಲ್ಲ; ಶೆಲ್‌ಗಳಲ್ಲೊಂದಾದ ಬ್ಯಾಶ್‌ನಲ್ಲಿ ಅದನ್ನೇ ಚರಕ್ಕೆ (ವೇರಿಯೇಬಲ್) ತುಂಬಿ, ಚಿಹ್ನೆಯಿಲ್ಲದೆ ಬಳಸಿದರೆ ತುಂಡಾಗುತ್ತದೆ. ಹಾಗಾಗಿ ಹೆಸರುಗಳನ್ನು ಒಂದೊಂದಾಗಿ ಎತ್ತಿಕೊಳ್ಳುವ ಫೋರ್ ಲೂಪಿನೊಳಗೆ ಚರದ ಸುತ್ತ ಚಿಹ್ನೆ ಇರಲೇಬೇಕು.

ಕನ್ನಡಕ್ಕೇ ಸೇರಿದ ಪಾಠ ಪ್ರಶ್ನೆ ಚಿಹ್ನೆಯದು. ? ಎಂದರೆ ಒಂದು ಅಕ್ಷರ ಎನ್ನುತ್ತಾರೆ. ‘ಹೆಬ್ಬಾತು’ ನಮ್ಮ ಕಣ್ಣಿಗೆ ಮೂರೇ ಅಕ್ಷರ, ಆದರೆ ??? ಕೊಟ್ಟರೆ ಸಿಗದು. ಯೂನಿಕೋಡ್ ಹ, ಬ, ಬ, ತ, ಮೂರು ಸ್ವರಚಿಹ್ನೆ, ಒತ್ತಕ್ಷರ ಬೆಸೆಯುವ ಒಂದು ವಿರಾಮ ಚಿಹ್ನೆಯನ್ನು ಬೇರೆಬೇರೆ ಎಣಿಸುತ್ತದೆ, ಒಟ್ಟು ಎಂಟು. ಕನ್ನಡ ಹೆಸರಿಗೆ ನಕ್ಷತ್ರವೇ ಒಳ್ಳೆಯದು.

‘ಕೊಕ್ಕರೆ’ ಇನ್ನೂ ಸೂಕ್ಷ್ಮ. ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎರಡಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಶೆಲ್‌ಗೆ ಬೇರೆ. ‘ಕೊ*’ ಒಂದನ್ನು ಕೈಬಿಟ್ಟರೂ ‘ಕ*’ ಎರಡನ್ನೂ ಹಿಡಿಯುತ್ತದೆ.

ಹೆಸರಿನ ಉದ್ದಕ್ಕೂ ಮಿತಿಯುಂಟು. ಲಿನಕ್ಸಿನ ಫೈಲ್ ವ್ಯವಸ್ಥೆ ಇಎಕ್ಸ್‌ಟಿ4ರಲ್ಲಿ ಹೆಸರೊಂದಕ್ಕೆ 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಅಂದರೆ 85 ಸಂಕೇತ. ಊರು, ಹಕ್ಕಿ, ಹೊತ್ತು ಬರೆದರೂ ಜಾಗ ಉಳಿಯುತ್ತದೆ.